ಮಕ್ಕಳ ಜೊತೆ ಕೂತು ದೊಡ್ಡವರ ಸಿನಿಮಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ದೊಡ್ಡವರಿಗೆಂದು ತೆಗೆದ ಹಳೆಯ ಒಳ್ಳೆಯ ಚಿತ್ರಗಳನ್ನು ಮಕ್ಕಳಿಗೆ ಯಾವ ವಯಸ್ಸಿನಲ್ಲಿ, ಯಾವುದರಿಂದ, ಹೇಗೆ ತೋರಿಸಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಹೆಸರು ಬೇಡ ಎಂದವರೇ ಹೆಚ್ಚಾಗಿದ್ದರಿಂದ ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ. ಕಾರ್ಟೂನ್ ಬಿಟ್ಟರೆ ಬೇರೇನೂ ಬೇಡ. ಹಳೆಯ ಚಿತ್ರ ಹಾಕಿದರೆ ಐದು ನಿಮಿಷಕ್ಕೆ ಎದ್ದು ಹೋಗುತ್ತಾಳೆ. ಯಾವುದರಿಂದ ಶುರು ಮಾಡಲಿ? (ಹಾಸನ)

ಉತ್ತರ: ಮಾತಿಲ್ಲದ ಚಿತ್ರದಿಂದ. ಇಷ್ಟು ಚಿಕ್ಕ ಮಗು ಎದ್ದು ಹೋಗುವುದು ಚಿತ್ರ ಕಪ್ಪುಬಿಳುಪು ಎನ್ನುವ ಕಾರಣಕ್ಕಿಂತ ಮಾತು ಎಟಕುವುದಿಲ್ಲ ಎನ್ನುವ ಕಾರಣಕ್ಕೇ ಹೆಚ್ಚು. 1950-60ರ ದಶಕದ ನಮ್ಮ ಎಷ್ಟೋ ಚಿತ್ರಗಳಲ್ಲಿ ಮೊದಲ ಕಾಲುಗಂಟೆ ಜನ ನಿಂತು ಮಾತಾಡುತ್ತಲೇ ಇರುತ್ತಾರೆ, ಆ ಮಾತೂ ಕಂಪನಿ ನಾಟಕದ ಕನ್ನಡ. ಚಾರ್ಲಿ ಚಾಪ್ಲಿನ್ ಚಿತ್ರಗಳಲ್ಲಿ ಆ ತೊಡಕಿಲ್ಲ. ಅವೂ ದುಡಿದು ದಣಿದ ದೊಡ್ಡವರಿಗೆಂದೇ ತೆಗೆದವು. ಹಸಿವು, ನಿರುದ್ಯೋಗ, ಪೊಲೀಸರ ಭಯ ಎಲ್ಲವೂ ಅವುಗಳಲ್ಲಿವೆ. ಆದರೆ ಎಲ್ಲವನ್ನೂ ಆತ ಮೈಯಲ್ಲೇ ಹೇಳುತ್ತಾನೆ.

ಮೊದಲ ದಿನ ಇಡೀ ಚಿತ್ರ ಬೇಡ. 'ದ ಗೋಲ್ಡ್ ರಷ್' (1925) ತೆಗೆದುಕೊಳ್ಳಿ. ಹಿಮದ ನಡುವಿನ ಗುಡಿಸಲಲ್ಲಿ ಹಸಿದ ಚಾಪ್ಲಿನ್ ತನ್ನ ಬೂಟನ್ನೇ ಬೇಯಿಸಿ, ಲೇಸನ್ನು ಶಾವಿಗೆಯ ಹಾಗೆ ಫೋರ್ಕಿಗೆ ಸುತ್ತಿ, ಮೊಳೆಗಳನ್ನು ಮೂಳೆಯ ಹಾಗೆ ಚೀಪುವ ದೃಶ್ಯವನ್ನಷ್ಟೇ ತೋರಿಸಿ ನಿಲ್ಲಿಸಿ. (ಆ ಬೂಟು ಲಿಕರಿಸ್ ಎಂಬ ಮಿಠಾಯಿಯಿಂದ ಮಾಡಿದ್ದು. ಆದರೆ ನೋಡಿ ಮುಗಿಯುವವರೆಗೆ ಹೇಳಬೇಡಿ.) ಮರುದಿನ, ಹಸಿವಿನಿಂದ ತಲೆಕೆಟ್ಟ ಜೊತೆಗಾರನ ಕಣ್ಣಿಗೆ ಚಾಪ್ಲಿನ್ ದೊಡ್ಡ ಕೋಳಿಯಾಗಿ ಕಾಣುವ ಭಾಗ. ಮೂರನೆಯ ದಿನ, ಗುಡಿಸಲು ಪ್ರಪಾತದ ಅಂಚಿನಲ್ಲಿ ತೂಗಾಡುವ ಭಾಗ. ದಿನಕ್ಕೆ ಹತ್ತು ನಿಮಿಷ ಸಾಕು. ಮಗು ನಗುತ್ತಿರುವಾಗಲೇ ನಿಲ್ಲಿಸಿ, ಬೇಸರ ಬಂದ ಮೇಲೆ ನಿಲ್ಲಿಸಬೇಡಿ. ನಾಲ್ಕನೆಯ ದಿನ ಅವಳೇ ಕೇಳುತ್ತಾಳೆ.

ಪೂರ್ತಿ ನೋಡುವ ಮೊದಲ ಚಿತ್ರವಾಗಿ 'ದ ಸರ್ಕಸ್' (1928) ಒಳ್ಳೆಯದು. 72 ನಿಮಿಷ. ಕನ್ನಡಿಗಳ ಮನೆ, ಸಿಂಹದ ಬೋನು, ಹಗ್ಗದ ಮೇಲೆ ನಡೆಯುವವನ ಮೈಮೇಲೆ ಹತ್ತುವ ಕೋತಿಗಳು, ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ. ಆಮೇಲೆ 'ದ ಕಿಡ್' (1921). ಇದು ಎರಡು ಉದ್ದಗಳಲ್ಲಿ ಸಿಗುತ್ತದೆ. ಮೂಲ ಚಿತ್ರ ಸುಮಾರು 68 ನಿಮಿಷ. 1970ರ ದಶಕದ ಆರಂಭದಲ್ಲಿ ಚಾಪ್ಲಿನ್ ತಾನೇ ತಾಯಿಯ ಕೆಲವು ದೃಶ್ಯಗಳನ್ನು ತೆಗೆದು, ತಾನೇ ಸಂಗೀತ ಕೂಡಿಸಿ ಬಿಡುಗಡೆ ಮಾಡಿದ ಪ್ರತಿ ಸುಮಾರು 53 ನಿಮಿಷ. ಮಕ್ಕಳಿಗೆ ಚಿಕ್ಕದೇ ಸರಿ. ಅಧಿಕಾರಿಗಳು ಬಂದು ಹುಡುಗನನ್ನು ಎಳೆದುಕೊಂಡು ಹೋಗುವಾಗ ಅವನು ಕೈಚಾಚಿ ಅಳುವ ಭಾಗ ಆರು ವರ್ಷದವರನ್ನು ನಿಜವಾಗಿಯೂ ಅಲುಗಾಡಿಸುತ್ತದೆ. ಶುರುವಿಗೆ ಮೊದಲೇ "ಅವನನ್ನು ಕರ್ಕೊಂಡು ಹೋಗೋಕೆ ನೋಡ್ತಾರೆ, ಆದ್ರೆ ಚಾಪ್ಲಿನ್ ಬಿಡಲ್ಲ" ಎಂದು ಹೇಳಿಡಿ.

'ಸಿಟಿ ಲೈಟ್ಸ್' (1931) ಈಗಲೇ ಬೇಡ. ಕುಡಿದ ಶ್ರೀಮಂತನೊಬ್ಬ ಕುತ್ತಿಗೆಗೆ ಕಲ್ಲು ಕಟ್ಟಿಕೊಂಡು ನೀರಿಗೆ ಬೀಳಲು ಹೊರಡುವ ದೃಶ್ಯ ಅದರ ಮೊದಲ ಭಾಗದಲ್ಲೇ ಇದೆ, ಅದೂ ನಗೆಯ ಜೊತೆ. ಒಂಬತ್ತು ಹತ್ತಕ್ಕೆ ತೋರಿಸಿ. 'ಮಾಡರ್ನ್ ಟೈಮ್ಸ್' (1936) ಚಿತ್ರದ ಊಟ ಮಾಡಿಸುವ ಯಂತ್ರವನ್ನೂ ಕಣ್ಣುಕಟ್ಟಿಕೊಂಡು ಮಾಡುವ ಸ್ಕೇಟಿಂಗನ್ನೂ ಈಗಲೇ ತೋರಿಸಬಹುದು. ಅದರಲ್ಲಿ ಹುಡುಗಿಯ ತಂದೆ ಬೀದಿಯಲ್ಲಿ ಗುಂಡಿಗೆ ಬಲಿಯಾಗುವ ಒಂದು ದೃಶ್ಯವಿದೆ, ಜೈಲಿನಲ್ಲಿ ಚಾಪ್ಲಿನ್ ತಿಳಿಯದೆ ಮಾದಕ ಪುಡಿ ತಿನ್ನುವ ಪ್ರಸಂಗವೂ ಇದೆ. ಹಾಗಾಗಿ ಇಡೀ ಚಿತ್ರ ಎಂಟರ ನಂತರ.

ನಡುನಡುವೆ ಬರುವ ಬರಹದ ಕಾರ್ಡುಗಳನ್ನು ನೀವೇ ಕನ್ನಡದಲ್ಲಿ, ದನಿ ಬದಲಿಸಿ ಹೇಳಿ. ನಿಲ್ಲಿಸಿ ಓದುವ ಅಗತ್ಯವಿಲ್ಲ, ಕಾರ್ಡು ನಿಮಗೆ ಬೇಕಾದಷ್ಟು ಹೊತ್ತು ಪರದೆಯ ಮೇಲಿರುತ್ತದೆ. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳುವವರಿದ್ದರು. ಜಪಾನಿನಲ್ಲಿ ಅವರಿಗೆ ಬೆಂಶಿ ಎಂಬ ಹೆಸರೇ ಇತ್ತು, ಚಿತ್ರದ ತಾರೆಯರಷ್ಟೇ ಹೆಸರು ಮಾಡಿದವರೂ ಅವರಲ್ಲಿದ್ದರು. ಆ ಕೆಲಸ ಈಗ ನಿಮ್ಮದು. ಜೋಕನ್ನು ಮಾತ್ರ ವಿವರಿಸಬೇಡಿ.

ಅಂತರ್ಜಾಲದಲ್ಲಿ ಸಿಗುವ ಮೂಕಿ ಚಿತ್ರಗಳಲ್ಲಿ ಜನ ಇರುವೆಗಳ ಹಾಗೆ ಓಡಾಡಿದರೆ ಅದು ಪ್ರತಿಯ ದೋಷ. ಕೈಯಲ್ಲಿ ತಿರುಗಿಸುವ ಕ್ಯಾಮೆರಾಗಳಲ್ಲಿ ಸೆಕೆಂಡಿಗೆ ಸುಮಾರು 16ರಿಂದ 22 ಚೌಕಟ್ಟು ತೆಗೆದದ್ದನ್ನು 24ರ ವೇಗದಲ್ಲಿ ಓಡಿಸಿರುತ್ತಾರೆ. ಪ್ಲೇಬ್ಯಾಕ್ ಸ್ಪೀಡನ್ನು 0.75ಕ್ಕೆ ಇಳಿಸಿದರೆ 24 ಇದ್ದದ್ದು 18 ಆಗುತ್ತದೆ, ನಡಿಗೆ ಮನುಷ್ಯರ ನಡಿಗೆಯಾಗುತ್ತದೆ. ಸಂಗೀತ ಎಳೆದಂತಾದರೆ ದನಿ ನಿಲ್ಲಿಸಿ, ಬೇರೆ ವಾದ್ಯ ಸಂಗೀತ ಹಾಕಿ. ಹಾಸ್ಯ ಚಿತ್ರಗಳನ್ನು ಬೇಕೆಂದೇ ತುಸು ವೇಗವಾಗಿ ಕಾಣುವಂತೆ ತೆಗೆದದ್ದೂ ಉಂಟು. ಆದ್ದರಿಂದ ಎರಡೂ ವೇಗದಲ್ಲಿ ಒಂದು ನಿಮಿಷ ನೋಡಿ, ಹೊಡೆತಗಳು ಕಣ್ಣಿಗೆ ಸ್ಪಷ್ಟವಾಗಿ ಸಿಗುವುದನ್ನು ಉಳಿಸಿಕೊಳ್ಳಿ.

ಪ್ರಶ್ನೆ: ನಮ್ಮ ಹೊಸ ದೊಡ್ಡ ಟಿವಿಯಲ್ಲಿ ರಾಜಕುಮಾರ್ ಅವರ ಹಳೆಯ ಚಿತ್ರ ಹಾಕಿದರೆ ಎಲ್ಲರೂ ಕುಳ್ಳಗೆ, ದಪ್ಪಗೆ ಕಾಣುತ್ತಾರೆ. ಮೊಮ್ಮಗ ಅದನ್ನೇ ನೋಡಿ ನಗುತ್ತಾನೆ. (ತುಮಕೂರು)

ಉತ್ತರ: ಮೊಮ್ಮಗನ ಕಣ್ಣು ಸರಿಯಾಗಿಯೇ ಇದೆ. ಆ ಕಾಲದ ಬಹುತೇಕ ಚಿತ್ರಗಳ ಚೌಕಟ್ಟು ಹೆಚ್ಚು ಕಡಿಮೆ 4:3, ಅಂದರೆ ಚೌಕಕ್ಕೆ ಹತ್ತಿರ. ನಿಮ್ಮ ಟಿವಿ 16:9. ಪರದೆ ತುಂಬಲೆಂದು ಟಿವಿ ಚಿತ್ರವನ್ನು ಅಡ್ಡಕ್ಕೆ ಮೂರನೆಯ ಒಂದರಷ್ಟು ಹಿಗ್ಗಿಸುತ್ತಿದೆ. ರಿಮೋಟಿನಲ್ಲಿ 'ಪಿಕ್ಚರ್ ಸೈಜ್' ಅಥವಾ 'ಆಸ್ಪೆಕ್ಟ್ ರೇಶಿಯೋ' ಹುಡುಕಿ 4:3 ಅಥವಾ 'ಒರಿಜಿನಲ್' ಇಡಿ. ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ, ಉಳಿಯಲಿ. 'ಝೂಮ್' ಒತ್ತಬೇಡಿ. ಅದು ಅಗಲಕ್ಕೆ ಸರಿಹೊಂದಿಸಲು ಮೇಲೆ ಕೆಳಗೆ ಸೇರಿ ಚಿತ್ರದ ಕಾಲುಭಾಗವನ್ನೇ ಕತ್ತರಿಸುತ್ತದೆ. ಕಿರೀಟ ಹೋಗುತ್ತದೆ, ನೃತ್ಯದಲ್ಲಿ ಪಾದ ಹೋಗುತ್ತದೆ. ಸರಿಯಾಗಿದೆಯೇ ಎಂದು ತಿಳಿಯಲು ಗಾಡಿಯ ಚಕ್ರವನ್ನೋ ಗೋಡೆ ಗಡಿಯಾರವನ್ನೋ ನೋಡಿ, ದುಂಡಗಿರಬೇಕು. ಕೆಲವು ಪ್ರತಿಗಳನ್ನು ಅಂತರ್ಜಾಲಕ್ಕೆ ಏರಿಸುವವರೇ ಹಿಗ್ಗಿಸಿಬಿಟ್ಟಿರುತ್ತಾರೆ. ಅಂಥದ್ದಕ್ಕೆ ಟಿವಿಯಲ್ಲೇ 4:3 ಒತ್ತಿ ಕುಗ್ಗಿಸಿದರೆ ಸರಿಹೋಗುತ್ತದೆ, ಇಲ್ಲದಿದ್ದರೆ ಬೇರೆ ಪ್ರತಿ ಹುಡುಕಿ.

ಇನ್ನೂ ಮೂರು ಕೆಲಸ ಇದೇ ಕೈಯಲ್ಲಿ ಮಾಡಿಬಿಡಿ. ಚಲನೆಯನ್ನು ನುಣುಪು ಮಾಡುವ ಸೌಲಭ್ಯವನ್ನು ಆಫ್ ಮಾಡಿ. ಎಲ್‌ಜಿಯಲ್ಲಿ ಅದಕ್ಕೆ ಟ್ರೂಮೋಷನ್ ಎಂದೂ ಸೋನಿಯಲ್ಲಿ ಮೋಷನ್‌ಫ್ಲೋ ಎಂದೂ ಹೆಸರು. ಅದು ಇದ್ದರೆ ಸಿನಿಮಾ ಧಾರಾವಾಹಿಯ ಹಾಗೆ ಕಾಣುತ್ತದೆ, ಹಳೆಯ ಪ್ರತಿಯ ಗೀರುಗಳ ಸುತ್ತ ಮುಖಗಳು ಕಲಸುತ್ತವೆ. ಎರಡನೆಯದು, 'ವಿವಿಡ್' ಬದಲು 'ಸಿನಿಮಾ' ಅಥವಾ 'ಮೂವಿ' ಮೋಡ್. ಕಪ್ಪುಬಿಳುಪು ಚಿತ್ರ ಹಸಿರು ಅಥವಾ ನೀಲಿ ಹೊಡೆಯುತ್ತಿದ್ದರೆ 'ಕಲರ್' ಅನ್ನು ಸೊನ್ನೆಗೆ ಇಳಿಸಿ. ಮೂರನೆಯದು ದನಿ. ಹಳೆಯ ಚಿತ್ರಗಳ ದನಿ ಮೋನೋ, ಅಂದರೆ ಒಂದೇ ಪಥದ್ದು. ಸುತ್ತಲಿಂದ ಬಂದಂತೆ ಕೇಳಿಸುವ ಸರೌಂಡ್ ಹಾಕಿದರೆ ಮಾತು ಬಾವಿಯೊಳಗಿಂದ ಬಂದಂತಾಗುತ್ತದೆ. ಅದನ್ನು ತೆಗೆದು ಮಾತು ಸ್ಪಷ್ಟಗೊಳಿಸುವ ಆಯ್ಕೆ ಹಾಕಿ. ಮಕ್ಕಳು "ಬೋರ್" ಎನ್ನುವಾಗ ಎಷ್ಟೋ ಸಲ ನಿಜ ಕಾರಣ ಮಾತು ಕಿವಿಗೆ ಬೀಳದಿರುವುದು.

ಪ್ರಶ್ನೆ: ಎಂಟು ವರ್ಷದ ಮಗನಿಗೆ 'ಸತ್ಯ ಹರಿಶ್ಚಂದ್ರ' ತೋರಿಸಬೇಕೆಂದಿದೆ. ಹುಡುಗ ಸಾಯುವ ದೃಶ್ಯಕ್ಕೆ ಹೆದರುತ್ತೇನೆ. ಬಣ್ಣದ ಪ್ರತಿ ಹಾಕಲೋ, ಕಪ್ಪುಬಿಳುಪೋ? (ದಾವಣಗೆರೆ)

ಉತ್ತರ: ಖಂಡಿತ ತೋರಿಸಿ. ಗೋವಿನ ಹಾಡು ಕೇಳಿ ಅತ್ತ ಮಗುವಿಗೆ ಕೊಟ್ಟ ಮಾತಿನ ಕಥೆ ಹೊಸದಲ್ಲ. ಪುಣ್ಯಕೋಟಿ ಹುಲಿಯ ಮುಂದೆ ಬಂದು ನಿಲ್ಲುವುದಕ್ಕೂ ಹರಿಶ್ಚಂದ್ರ ಸುಡುಗಾಡಿನಲ್ಲಿ ಹೆಂಡತಿಯ ಬಳಿ ಸುಂಕ ಕೇಳುವುದಕ್ಕೂ ನಂಟಿದೆ, ಆ ನಂಟನ್ನು ಮಗು ತಾನೇ ಹಿಡಿಯುತ್ತದೆ. ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ಈ 1965ರ ಚಿತ್ರ ಮೂರು ಗಂಟೆ ಮೀರಿದ್ದು, ಒಂದೇ ಕೂತಿನಲ್ಲಿ ಎಂಟು ವರ್ಷಕ್ಕೆ ಆಗದು. ಹಾಗೆಂದು ಎಲ್ಲೆಂದರಲ್ಲಿ ಕಡಿಯುವಂತೆಯೂ ಇಲ್ಲ. ರಾಜ್ಯ ಬಿಟ್ಟು ಹೊರಡುವವರೆಗೆ ಒಂದು ದಿನ. ಕಾಶಿಯಲ್ಲಿ ಹೆಂಡತಿ ಮಗನನ್ನು ಮಾರಿ, ತಾನು ವೀರಬಾಹುವಿನ ಆಳಾಗುವವರೆಗೆ ಇನ್ನೊಂದು ದಿನ. ಲೋಹಿತಾಶ್ವನಿಗೆ ಹಾವು ಕಚ್ಚುವಲ್ಲಿಂದ ಕೊನೆಯವರೆಗೆ ಮೂರನೆಯ ದಿನ, ಇದನ್ನು ಮಾತ್ರ ಹಗಲಿನಲ್ಲಿ, ನಡುವೆ ನಿಲ್ಲಿಸದೆ. ಹುಡುಗ ಮತ್ತೆ ಕಣ್ಣು ಬಿಡುವುದು ಚಿತ್ರದ ತುದಿಯಲ್ಲಿ. ಕರೆಂಟು ಹೋಗಿ ಅಥವಾ ಊಟಕ್ಕೆ ಎಬ್ಬಿಸಿ ನಡುವೆ ಕಡಿದರೆ ಮಗು ಸತ್ತ ಹುಡುಗನನ್ನು ತಲೆಯಲ್ಲಿಟ್ಟುಕೊಂಡೇ ಮಲಗುತ್ತದೆ. ರಾತ್ರಿಯ ಭಯ ಹುಟ್ಟುವುದು ಹೀಗೆ ನಡುವೆ ನಿಂತ ಕಥೆಯಿಂದ.

ಹಿಂದಿನ ರಾತ್ರಿ ಅಜ್ಜಿಯಿಂದಲೋ ನೀವೋ ಕಥೆಯನ್ನು ಬಾಯಲ್ಲಿ ಹೇಳಿ, ಕೊನೆಯನ್ನೂ ಹೇಳಿ. ಪುರಾಣದ ಕಥೆಗೆ ಗುಟ್ಟು ಇಟ್ಟುಕೊಳ್ಳುವ ಅಗತ್ಯವಿಲ್ಲ. ಬಯಲಾಟ ನೋಡಲು ಹೋಗುವವರಿಗೆಲ್ಲ ಕಥೆ ಗೊತ್ತಿರುತ್ತದೆ.

ಬಣ್ಣ ತುಂಬಿದ ಪ್ರತಿ 2008ರಲ್ಲಿ ತೆರೆಕಂಡಿತು. ಮಗ ಕಪ್ಪುಬಿಳುಪಿಗೆ ಒಗ್ಗದಿದ್ದರೆ ಅದರಿಂದ ಶುರು ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಸುಡುಗಾಡಿನ ಭಾಗವನ್ನು ಕಪ್ಪುಬಿಳುಪಿನಲ್ಲೇ ತೋರಿಸಿ ಎನ್ನುವುದು ನಮ್ಮ ಆಗ್ರಹ. ನೆರಳು ಬೆಳಕನ್ನು ಲೆಕ್ಕ ಹಾಕಿ ದೀಪ ಇಟ್ಟವರ ಕೆಲಸ ಅಲ್ಲಿ ಉಳಿದಿದೆ, ಮೇಲೆ ಹಚ್ಚಿದ ಬಣ್ಣ ಆ ಕತ್ತಲನ್ನು ತೆಳುವಾಗಿಸುತ್ತದೆ. ಇದಕ್ಕೂ ಮೊದಲು ನಗುವಿನ ಪುರಾಣ ಬೇಕೆಂದರೆ ತೆಲುಗಿನ 'ಮಾಯಾಬಜಾರ್' (1957) ಇದೆ. ಘಟೋತ್ಕಚ ಮದುವೆಯ ಅಡುಗೆಯನ್ನೆಲ್ಲ ಒಬ್ಬನೇ ಖಾಲಿ ಮಾಡುವ ಭಾಗಕ್ಕೆ ಭಾಷೆಯೇ ಬೇಡ.

ಪ್ರಶ್ನೆ: ಹಳೆಯ ಚಿತ್ರಕ್ಕೆ 'ಯು' ಸರ್ಟಿಫಿಕೇಟ್ ಇದ್ದರೆ ಕಣ್ಣುಮುಚ್ಚಿ ತೋರಿಸಬಹುದಲ್ಲವೇ? (ಮಂಡ್ಯ)

ಉತ್ತರ: ಇಲ್ಲ. 1983ರವರೆಗೆ ನಮ್ಮಲ್ಲಿ ಇದ್ದದ್ದು ಎಲ್ಲರಿಗೂ ಎನ್ನುವ 'ಯು', ವಯಸ್ಕರಿಗೆ ಮಾತ್ರ ಎನ್ನುವ 'ಎ'. ನಡುವಿನ 'ಯು/ಎ' ಆಮೇಲೆ ಬಂದದ್ದು. 7, 13, 16 ಎಂದು ವಯಸ್ಸು ನಮೂದಿಸುವ ಪದ್ಧತಿ ಒಟಿಟಿಗೆ 2021ರ ನಿಯಮಗಳಿಂದ, ಚಿತ್ರಮಂದಿರಕ್ಕೆ 2024ರಿಂದ. ಆದ್ದರಿಂದ 1972ರ ಒಂದು 'ಯು' ಎಂದರೆ ವಯಸ್ಕರಿಗೆ ಮಾತ್ರ ಎಂದು ಸೆನ್ಸಾರ್ ಮಂಡಳಿ ಹೇಳಲಿಲ್ಲ ಎಂದಷ್ಟೇ ಅರ್ಥ. ಖಳನಾಯಕ ಹೆಣ್ಣಿನ ಮೇಲೆ ಬೀಳುವ ದೃಶ್ಯ, ಆತ್ಮಹತ್ಯೆ, ಚಾಟಿಯ ಹೊಡೆತ ಇವೆಲ್ಲ ಆ ಕಾಲದ ಸಂಸಾರ ಚಿತ್ರಗಳಲ್ಲೂ ಧಾರಾಳ.

ಹಿಂದಿನ ದಿನ ನೀವೊಬ್ಬರೇ ಚಿತ್ರವನ್ನು ನೋಡಿ. ಪುರುಸೊತ್ತಿಲ್ಲದಿದ್ದರೆ 1.5 ವೇಗದಲ್ಲಾದರೂ ಸರಿ, ಎರಡೂವರೆ ಗಂಟೆಯ ಚಿತ್ರ ಒಂದು ಗಂಟೆ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಸಾವು, ಬಲಾತ್ಕಾರ, ಆತ್ಮಹತ್ಯೆ, ಹೆಂಗಸರಿಗೋ ಮಕ್ಕಳಿಗೋ ಬೀಳುವ ಹೊಡೆತ, ಈ ನಾಲ್ಕು ಎಲ್ಲೆಲ್ಲಿ ಬರುತ್ತವೆ ಎಂದು ಗಂಟೆ ನಿಮಿಷದ ಸಮೇತ ಚೀಟಿಯಲ್ಲಿ ಬರೆದುಕೊಳ್ಳಿ. ನೆನಪಿನ ಮೇಲೆ ನಂಬಿಕೆ ಬೇಡ. ನಮಗೆಲ್ಲ ನೆನಪಿರುವುದು ಹಾಡು.

'ನಾಗರಹಾವು' (1972) ಇದಕ್ಕೆ ಒಳ್ಳೆಯ ಉದಾಹರಣೆ. ಚಿತ್ರದುರ್ಗದ ಕೋಟೆ, ರಾಮಾಚಾರಿ, ಚಾಮಯ್ಯ ಮೇಷ್ಟ್ರು ಎಂದು ನೆನಪಿಟ್ಟು ಹತ್ತು ವರ್ಷದ ಮಗುವಿನ ಜೊತೆ ಕೂತರೆ ಕೊನೆಗೆ ಬೆಟ್ಟದ ತುದಿಯಿಂದ ಹಾರುವ ಜೋಡಿ ಎದುರಾಗುತ್ತದೆ. ಪೂರ್ತಿ ಚಿತ್ರ ಹದಿನೈದರ ನಂತರ, ಮಾತಾಡಲು ನೀವು ಜೊತೆಗಿರುವಾಗ. ಆದರೆ ಅದರೊಳಗಿನ ಒನಕೆ ಓಬವ್ವನ ಹಾಡನ್ನು ಎಂಟು ವರ್ಷದವರಿಗೂ ಬಿಡಿಯಾಗಿ ತೋರಿಸಿ. ಜಯಂತಿ ಓಬವ್ವನಾಗಿರುವ ಆ ಭಾಗ ತಾನೇ ಒಂದು ಪೂರ್ಣ ಕಥೆ. ಮುಂದಿನ ರಜೆಗೆ ಚಿತ್ರದುರ್ಗದ ಓಬವ್ವನ ಕಿಂಡಿಯನ್ನೂ ನೋಡಿ ಬರಬಹುದು.

ಪ್ರಶ್ನೆ: 'ಘಟಶ್ರಾದ್ಧ' ಪುನರುಜ್ಜೀವನಗೊಂಡಿದೆ ಎಂದು ಓದಿದೆ. ಹುಡುಗನೊಬ್ಬನ ಕಣ್ಣಿನಲ್ಲಿ ನಡೆಯುವ ಕಥೆಯಂತೆ. ನಮ್ಮ ಹುಡುಗನಿಗೂ ಹತ್ತು ವರ್ಷ, ಒಟ್ಟಿಗೆ ನೋಡಬಹುದೇ? (ಸಾಗರ)

ಉತ್ತರ: ಈಗ ಬೇಡ. ಚಿತ್ರದಲ್ಲಿ ಮಗುವಿದೆ ಎಂದ ಮಾತ್ರಕ್ಕೆ ಅದು ಮಗುವಿನ ಚಿತ್ರವಲ್ಲ, ಪೋಷಕರು ಹೆಚ್ಚಾಗಿ ಎಡವುವುದು ಇಲ್ಲೇ. ಗಿರೀಶ್ ಕಾಸರವಳ್ಳಿ 1977ರಲ್ಲಿ ಅನಂತಮೂರ್ತಿಯವರ ಕಥೆಯಿಂದ ಮಾಡಿದ ಈ ಚಿತ್ರದ ನಾಣಿ ವೇದಪಾಠಕ್ಕೆ ಬಂದ ಚಿಕ್ಕ ಹುಡುಗ. ಅವನು ಕಾಣುವುದೋ ವಿಧವೆ ಯಮುನಾಳ ಬಸಿರು, ಅದನ್ನು ತೆಗೆಸುವ ಸಂಕಟ, ಬದುಕಿರುವವಳಿಗೇ ಮಾಡುವ ಶ್ರಾದ್ಧ. ಚಿತ್ರದ ಬಲ ಇರುವುದೇ ಹುಡುಗನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುವುದರಲ್ಲಿ. ನೋಡುವವನೂ ನಾಣಿಯ ವಯಸ್ಸಿನವನೇ ಆದರೆ ಆ ಅಂತರ ಅಳಿಸಿಹೋಗಿ ಗೊಂದಲ, ಭಯ ಮಾತ್ರ ಉಳಿಯುತ್ತವೆ. ಹದಿನಾರಕ್ಕೆ ತೋರಿಸಿ, ದೊಡ್ಡ ಪರದೆಯಲ್ಲಿ ಸಿಕ್ಕರೆ ಬಿಡಬೇಡಿ. ಹೊಸ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡಿತು. ಕೃಷ್ಣ ಆಲನಹಳ್ಳಿಯವರ ಕಾದಂಬರಿಯಿಂದ ಬಂದ 'ಕಾಡು' (1973) ಚಿತ್ರದ ಹುಡುಗ ಕಿಟ್ಟಿಯ ಬಗ್ಗೆಯೂ ಇದೇ ಮಾತು.

ಹತ್ತು ವರ್ಷಕ್ಕೆ, ನಿಮ್ಮ ಮನೆಗೆ, 'ಭೂತಯ್ಯನ ಮಗ ಅಯ್ಯು' (1974) ಹೊಂದುತ್ತದೆ. ಗೊರೂರರ ಕಥೆ, ಹಳ್ಳಿಯ ಹಗೆ, ಹೋಟೆಲಿನಲ್ಲಿ ಲೋಕನಾಥ್ ಉಪ್ಪಿನಕಾಯಿ ಮುಗಿಸುವ ಪ್ರಸಂಗ, ಕೊನೆಗೆ ನೆರೆ. ಹಗೆ ಹೇಗೆ ಬೆಳೆದು ಹೇಗೆ ಕರಗುತ್ತದೆ ಎನ್ನುವುದನ್ನು ಮಕ್ಕಳು ಹೆಜ್ಜೆ ಹೆಜ್ಜೆಗೂ ಹಿಂಬಾಲಿಸಬಲ್ಲರು.

ಪ್ರಶ್ನೆ: ನಮ್ಮ ಮಕ್ಕಳಿಗೆ ಹತ್ತು ಮತ್ತು ಹನ್ನೆರಡು. ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಬಂಗಾಳಿಯ 'ಪಥೇರ್ ಪಾಂಚಾಲಿ' ತೋರಿಸಬೇಕೆಂದು ಆಸೆ. ದುರ್ಗಾಳ ಸಾವನ್ನು ತಡೆದುಕೊಳ್ಳುತ್ತಾರೆಯೇ? ಇಂಗ್ಲಿಷ್ ಸಬ್‌ಟೈಟಲ್ ಸಾಕೇ? (ಸಿಡ್ನಿ)

ಉತ್ತರ: ತಡೆದುಕೊಳ್ಳುತ್ತಾರೆ, ಮೊದಲೇ ಹೇಳಿದ್ದರೆ. ನಮ್ಮ ಸಲಹೆ ಇಷ್ಟು: ಸಾವನ್ನು ಮುಂಚಿತವಾಗಿ ಹೇಳಿ, ಕಥೆಯ ಉಳಿದ ತಿರುವುಗಳನ್ನು ಹೇಳಬೇಡಿ. "ಇದರಲ್ಲಿ ಅಪುವಿನ ಅಕ್ಕ ಸತ್ತುಹೋಗ್ತಾಳೆ. ಆ ಭಾಗ ಬರೋಕೆ ಮುಂಚೆ ಹೇಳ್ತೀನಿ" ಎಂದರೆ ಸಾಕು. ಮಳೆಯಲ್ಲಿ ದುರ್ಗಾ ನೆನೆಯುತ್ತಾ ಕುಣಿಯುವಾಗ ಹೇಳಿ, ಅಲ್ಲಿಂದಲೇ ಜ್ವರ ಶುರು. ಅದಕ್ಕಿಂತ ಮೊದಲು ಮುದುಕಿ ಇಂದಿರ್ ಠಾಕ್ರುಣ್ ಬಿದಿರು ಮೆಳೆಯ ಬಳಿ ಸಾಯುವುದನ್ನು ಇದೇ ಮಕ್ಕಳು ಕಾಣುತ್ತಾರೆ. ಕೂತಿದ್ದವಳನ್ನು ದುರ್ಗಾ ಅಲುಗಿಸಿದಾಗ ಅವಳು ಉರುಳುವುದು ದುರ್ಗಾಳ ಸಾವಿಗಿಂತ ಹೆಚ್ಚು ಬೆಚ್ಚಿಬೀಳಿಸುತ್ತದೆ, ಏಕೆಂದರೆ ಅದಕ್ಕೆ ಯಾರೂ ಸಿದ್ಧರಾಗಿರುವುದಿಲ್ಲ. ಅದನ್ನೂ ಹೇಳಿಡಿ.

ಅಪ್ಪ ಊರಿಗೆ ಮರಳಿ, ಮಗಳಿಗೆಂದು ತಂದ ಸೀರೆಯನ್ನು ತೋರಿಸುತ್ತಾನೆ. ತಾಯಿ ಬಾಯಿ ತೆರೆದು ಅಳುತ್ತಾಳೆ, ಆದರೆ ನಮಗೆ ಕೇಳುವುದು ಅವಳ ಅಳುವಲ್ಲ, ತಾರ್ ಶಹನಾಯಿ ಎಂಬ ತಂತಿವಾದ್ಯದ ಎತ್ತರದ ಒಂದು ಸ್ವರ. ಚಿತ್ರ ಮುಗಿದ ಮೇಲೆ, ಬೇಕಾದರೆ ಮರುದಿನ, ಆ ಅರ್ಧ ನಿಮಿಷವನ್ನು ಒಮ್ಮೆ ದನಿಯಿಲ್ಲದೆ, ಒಮ್ಮೆ ದನಿಯೊಂದಿಗೆ ಹಾಕಿ. ಅಳುವಿನ ಬದಲು ವಾದ್ಯ ಏಕೆ ಎಂದು ಹನ್ನೆರಡು ವರ್ಷದವರು ಅದ್ಭುತವಾಗಿ ಮಾತಾಡುತ್ತಾರೆ. ಸಿನಿಮಾ ನೋಡುವುದನ್ನು ಕಲಿಯುವುದೆಂದರೆ ಇದೇ.

ಮಗು ಅತ್ತರೆ ಕೂಡಲೇ ಕಾರ್ಟೂನ್ ಹಾಕಿ ಮರೆಸಬೇಡಿ. ದೀಪ ಹಾಕಿ, ಪಕ್ಕದಲ್ಲಿ ಕೂತು ಏನಾದರೂ ತಿನ್ನಿ. "ಅದೆಲ್ಲ ಸುಳ್ಳು ಕಣೋ" ಎನ್ನುವುದೂ ಸರಿಯಲ್ಲ, ಅವರಿಗೆ ಆದ ದುಃಖ ಸುಳ್ಳಲ್ಲ. ಸ್ವಲ್ಪ ಹೊತ್ತಿನ ನಂತರ, ದುರ್ಗಾ ಆಗಿದ್ದ ಹುಡುಗಿ ಉಮಾ ದಾಸ್‌ಗುಪ್ತಾ ದೊಡ್ಡವಳಾಗಿ ಶಾಲೆಯಲ್ಲಿ ಟೀಚರ್ ಆದಳು, 2024ರವರೆಗೂ ಬದುಕಿದ್ದಳು ಎಂದು ಹೇಳಿ. ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡಿದ್ದರೆ ಈ ಚಿತ್ರವನ್ನು ಮುಂದಿನ ವರ್ಷಕ್ಕೆ ಇಡಿ.

ಸಬ್‌ಟೈಟಲ್ ವಿಷಯ. ಹನ್ನೆರಡರವರಿಗೆ ಸಾಕು, ಹತ್ತರವರಿಗೆ ಮೊದಲ ಅರ್ಧ ಗಂಟೆ ನೀವು ಕನ್ನಡದಲ್ಲಿ ಹೇಳುತ್ತಾ ಹೋಗಬೇಕಾಗಬಹುದು. ಪ್ರತಿ ವಾಕ್ಯ ಬೇಡ, ಯಾರು ಯಾರಿಗೆ ಏನಾಗಬೇಕು, ಯಾಕೆ ಬೈಯುತ್ತಿದ್ದಾರೆ ಎನ್ನುವಷ್ಟು ಸಾಕು. ಬಂಗಾಳಿ ಮನೆಯ ಅಂಗಳ, ತುಳಸಿ, ಅತ್ತಿಗೆ ನಾದಿನಿಯರ ಮುನಿಸು ಎಲ್ಲ ಕನ್ನಡದ ಕಿವಿಗೆ ಹತ್ತಿರವೇ. ಹಳೆಯ ಪ್ರತಿಗಳಲ್ಲಿ ಬಿಳಿ ಅಕ್ಷರ ಬಿಳಿ ಸೀರೆಯ ಮೇಲೆ ಬಿದ್ದು ಓದಲಾಗದು. 2015ರಲ್ಲಿ ಬಂದ ಪುನರುಜ್ಜೀವಿತ ಪ್ರತಿಯನ್ನೇ ಹುಡುಕಿ. ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟಿತ್ತು, ಆ ತುಣುಕುಗಳನ್ನು ಕೈಯಿಂದ ಸರಿಪಡಿಸಿ ಉಳಿಸಿದರು. ಎರಡು ಗಂಟೆ ಐದು ನಿಮಿಷದ ಚಿತ್ರ. ಮಕ್ಕಳು ಕಾಶಹೂವಿನ ಬಯಲಲ್ಲಿ ಓಡಿ ರೈಲು ನೋಡುವ ದೃಶ್ಯದ ನಂತರ ವಿರಾಮ ಕೊಡಿ.

ಇದರ ಜೊತೆಗೆ ಇಟಲಿಯ 'ಬೈಸಿಕಲ್ ಥೀವ್ಸ್' (1948) ಸಹ ಇದೇ ವಯಸ್ಸಿಗೆ. 89 ನಿಮಿಷ, ಅಪ್ಪ ಮಗ ಕಳುವಾದ ಸೈಕಲ್ ಹುಡುಕುತ್ತಾ ರೋಮ್ ಸುತ್ತುತ್ತಾರೆ. ಕಳ್ಳನನ್ನು ಅಟ್ಟಿಸಿಕೊಂಡು ವೇಶ್ಯಾಗೃಹಕ್ಕೆ ನುಗ್ಗುವ ಚಿಕ್ಕ ದೃಶ್ಯವೊಂದಿದೆ, ನೋಡಬಾರದ್ದೇನೂ ತೋರಿಸುವುದಿಲ್ಲ. "ಸೈಕಲ್ ಸಿಗುತ್ತಾ?" ಎಂದು ಮಕ್ಕಳು ಹತ್ತು ಸಲ ಕೇಳುತ್ತಾರೆ. ಇದನ್ನು ಮಾತ್ರ ಹೇಳಲೇಬೇಡಿ.

ಪ್ರಶ್ನೆ: ಹಳೆಯ ಚಿತ್ರಗಳಲ್ಲಿ ನಾಯಕ ನಾಯಕಿಯ ಕೆನ್ನೆಗೆ ಹೊಡೆಯುತ್ತಾನೆ, ಕಪ್ಪಗಿರುವವರನ್ನು ಹಾಸ್ಯ ಮಾಡುತ್ತಾರೆ, ಜಾತಿಯ ಮಾತು ಬರುತ್ತದೆ. ಆ ಭಾಗಗಳನ್ನು ಮುಂದಕ್ಕೆ ಓಡಿಸಿಬಿಡಲೇ? (ಬೆಳಗಾವಿ)

ಉತ್ತರ: ಓಡಿಸಿದರೆ ಮಗು ಅದನ್ನೇ ಮತ್ತೆ ಹುಡುಕಿ ನೋಡುತ್ತದೆ. ಚಿತ್ರ ಅನ್ಯಾಯವನ್ನು ತೋರಿಸುತ್ತಿದೆಯೋ, ಅನ್ಯಾಯವನ್ನು ಒಪ್ಪುತ್ತಿದೆಯೋ ಎಂದು ಮೊದಲು ನೋಡಿ. 'ಚೋಮನ ದುಡಿ'ಯಲ್ಲಿ (1975) ಚೋಮನ ಮಗ ನೀರಲ್ಲಿ ಮುಳುಗುವಾಗ ಮುಟ್ಟಬಾರದವನೆಂದು ದಡದಲ್ಲಿದ್ದವರು ಕೈಚಾಚುವುದಿಲ್ಲ. ಅದನ್ನು ನೋಡಿ ಮಗು ಕೆರಳಬೇಕೆಂದೇ ಶಿವರಾಮ ಕಾರಂತರು ಬರೆದದ್ದು, ಬಿ.ವಿ. ಕಾರಂತರು ತೆಗೆದದ್ದು. ಹದಿಮೂರಕ್ಕೆ ಪೂರ್ತಿ ತೋರಿಸಿ, ಒಂದು ಚೌಕಟ್ಟನ್ನೂ ಓಡಿಸಬೇಡಿ. ಸೊಕ್ಕಿನ ಹೆಣ್ಣನ್ನು ಹೊಡೆದು "ದಾರಿಗೆ ತರುವ" ನಾಯಕನ ದೃಶ್ಯ ಬೇರೆ ಬಗೆಯದು. ಅಲ್ಲಿ ಚಿತ್ರವೇ ಚಪ್ಪಾಳೆ ಕೇಳುತ್ತಿದೆ. ಆ ಕ್ಷಣವೇ, ಚಿತ್ರ ನಿಲ್ಲಿಸದೆ, "ಇದು ತಪ್ಪು, ಅವನು ಹೊಡೀಬಾರದಿತ್ತು" ಎಂದು ಒಂದೇ ಸಾಲು ಹೇಳಿ. ಭಾಷಣ ಬೇಡ, ಮೌನವಂತೂ ಬೇಡವೇ ಬೇಡ. ಮೆಚ್ಚಿನ ನಟನಾದರೂ ಸರಿ. ನಟನ ಮೇಲಿನ ಪ್ರೀತಿಗೆ ಆ ಒಂದು ಸಾಲಿನಿಂದ ಕುಂದು ಬರುವುದಿಲ್ಲ.

ಪ್ರಶ್ನೆ: ರಾಮನಗರದ ಬೆಟ್ಟ ನೋಡಿ ಬಂದ ಮೇಲೆ ಹನ್ನೊಂದರ ಮಗ 'ಶೋಲೆ' ಕೇಳುತ್ತಿದ್ದಾನೆ. (ಬೆಂಗಳೂರು)

ಉತ್ತರ: ಇನ್ನೊಂದು ವರ್ಷ ಕಾಯಿರಿ, ಅಥವಾ ಈಗಲೇ ಆದರೆ ಠಾಕೂರನ ಕುಟುಂಬದ ಕೊಲೆಯ ಭಾಗಕ್ಕೆ ಸಿದ್ಧ ಮಾಡಿ ಕೂರಿಸಿ. ಅಲ್ಲಿ ಮಗುವೊಂದಕ್ಕೂ ಗುಂಡು ಬೀಳುತ್ತದೆ, ಆದರೆ ಬೀಳುವುದನ್ನು ತೋರಿಸುವುದಿಲ್ಲ. ಗಬ್ಬರ್ ಕೋವಿ ಎತ್ತುತ್ತಾನೆ, ಸದ್ದು, ತಕ್ಷಣ ರೈಲು. ಇಮಾಮನ ಮಗನ ಸಾವೂ ಹಾಗೇ: ಗಬ್ಬರ್ ಕೈಮೇಲಿನ ಇರುವೆಯನ್ನು ಹೊಸಕುತ್ತಾನೆ, ಮುಂದಿನ ಚಿತ್ರಿಕೆಯಲ್ಲಿ ಕುದುರೆ ಹೆಣ ಹೊತ್ತು ಬರುತ್ತದೆ. "ನೀನು ನಿಜವಾಗಿ ಏನು ನೋಡಿದೆ, ಏನು ಊಹಿಸಿದೆ?" ಎಂದು ಕೇಳಿ. ಕಟ್ ಎಂದರೆ ಏನೆಂದು ಹನ್ನೊಂದರ ಹುಡುಗನಿಗೆ ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಪಾಠ ಸಿಗದು. ಮೂರು ಗಂಟೆ ಮೀರಿದ ಚಿತ್ರ, ಇಂಟರ್‌ವಲ್‌ನಲ್ಲಿ ನಿಲ್ಲಿಸಿ ಮರುದಿನ ಮುಂದುವರಿಸಿ.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ತಿಂಗಳಿಗೊಂದು ಹಳೆಯ ಚಿತ್ರ ತೋರಿಸಲು ಹೊರಟಿದ್ದೇವೆ. ಪ್ರೊಜೆಕ್ಟರ್ ಇದೆ. ಅನುಮತಿ ಬೇಕೇ? ಹೇಗೆ ಕೂರಿಸುವುದು? (ಕೊಪ್ಪಳ)

ಉತ್ತರ: ಶಾಲೆಯ ಚಟುವಟಿಕೆಯ ಭಾಗವಾಗಿ ಶಿಕ್ಷಕರು, ವಿದ್ಯಾರ್ಥಿಗಳು, ಅವರ ಪೋಷಕರಿಗಷ್ಟೇ ತೋರಿಸುವುದನ್ನು ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಂ ಉಲ್ಲಂಘನೆ ಎಂದು ಎಣಿಸುವುದಿಲ್ಲ. ಊರಿನವರನ್ನೆಲ್ಲ ಕರೆದರೆ, ಟಿಕೆಟ್ ಇಟ್ಟರೆ ಮಾತು ಬೇರೆ. ಅದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ಭಾರತದಲ್ಲಿ ಚಿತ್ರದ ಹಕ್ಕು ತೆರೆಕಂಡ ಮುಂದಿನ ವರ್ಷದಿಂದ 60 ವರ್ಷ. ಏನೇ ಆದರೂ ಅಧಿಕೃತ ಪ್ರತಿಯನ್ನೇ ಬಳಸಿ.

ಕೆಡುವುದು ಹೆಚ್ಚಾಗಿ ಬೆಳಕಿನಿಂದ. ಮೂರು ಸಾವಿರ ಲ್ಯುಮೆನ್ಸ್ ಪ್ರೊಜೆಕ್ಟರ್ ಕೂಡ ಬಯಲುಸೀಮೆಯ ಮಧ್ಯಾಹ್ನದಲ್ಲಿ ಕಪ್ಪುಬಿಳುಪು ಚಿತ್ರದ ಕಪ್ಪನ್ನು ಬೂದಿ ಮಾಡುತ್ತದೆ. ಕಿಟಕಿಗಳಿಗೆ ಕಪ್ಪು ಬಟ್ಟೆ ಇಲ್ಲವೇ ರಟ್ಟು ಹೊಡೆಸಿ, ಕಿಟಕಿಯ ಎದುರು ಗೋಡೆಗೆ ಪರದೆ ಹಾಕಬೇಡಿ. ಎಂಟು ಅಡಿ ಅಗಲದ ಪರದೆಗೆ ಸಾಮಾನ್ಯ ಪ್ರೊಜೆಕ್ಟರ್ ಸುಮಾರು ಹನ್ನೆರಡು ಅಡಿ ಹಿಂದೆ ಇರಬೇಕು. ಮುಂದಿನ ಸಾಲೂ ಪರದೆಯಿಂದ ಹನ್ನೆರಡು ಅಡಿ ದೂರ, ಕೊನೆಯ ಸಾಲು ನಲವತ್ತು ಅಡಿಯೊಳಗೆ. ಪ್ರೊಜೆಕ್ಟರನ್ನು ಮಕ್ಕಳ ತಲೆಯ ಮೇಲಿಂದ ಬೆಳಕು ಹಾಯುವಷ್ಟು ಎತ್ತರಿಸಿ. ನೆಲದ ಮೇಲೆ ಕೂರುವುದಾದರೆ ಪರದೆಯ ಕೆಳಅಂಚು ನೆಲದಿಂದ ನಾಲ್ಕು ಅಡಿ ಇರಲಿ, ಇಲ್ಲದಿದ್ದರೆ ಹಿಂದಿನವರಿಗೆ ಸಬ್‌ಟೈಟಲ್ ಬದಲು ಮುಂದಿನವರ ತಲೆ. ಸ್ಪೀಕರ್ ಪ್ರೊಜೆಕ್ಟರಿನ ಪಕ್ಕದಲ್ಲಲ್ಲ, ಪರದೆಯ ಕೆಳಗೆ. ಮಾತು ಬಾಯಿಂದ ಬರಬೇಕು, ಬೆನ್ನಿನಿಂದಲ್ಲ. ಚಿತ್ರವನ್ನು ಪೆನ್‌ಡ್ರೈವಿನಲ್ಲಿ ಹಿಂದಿನ ದಿನವೇ ಅದೇ ಪ್ರೊಜೆಕ್ಟರಿನಲ್ಲಿ ಹಾಕಿ ನೋಡಿ, ಹೆಚ್ಚಿನ ಅನಾಹುತ ಆಗುವುದು ಸಬ್‌ಟೈಟಲ್ ಕಾಣದೆ ಅಥವಾ ದನಿ ಬಾರದೆ.

ಎಂಟನೇ ತರಗತಿಗೆ ಮೊದಲ ಚಿತ್ರವಾಗಿ ಬಸ್ಟರ್ ಕೀಟನ್ನನ 'ಷರ್ಲಾಕ್ ಜೂನಿಯರ್' (1924) ಹಾಕಿ. ಸುಮಾರು 45 ನಿಮಿಷ, ಒಂದು ಪಿರಿಯಡ್ಡಿನ ಲೆಕ್ಕ. ಪ್ರೊಜೆಕ್ಟರ್ ನಡೆಸುವ ಹುಡುಗನೊಬ್ಬ ನಿದ್ದೆಹೋಗಿ ಪರದೆಯೊಳಗೆ ನಡೆದುಹೋಗುವ ಕಥೆ. ಒಂಬತ್ತು, ಹತ್ತಕ್ಕೆ 'ತಬರನ ಕಥೆ' (1986). ತೇಜಸ್ವಿಯವರ ಕಥೆಯನ್ನು ಮೊದಲು ತರಗತಿಯಲ್ಲಿ ಓದಿ, ಆಮೇಲೆ ಚಿತ್ರ. ಪಿಂಚಣಿಗಾಗಿ ಕಚೇರಿ ಅಲೆಯುವ ಮುದುಕನ ಕಥೆಗೆ ಹದಿನೈದರ ಮಕ್ಕಳು ಎಷ್ಟು ತೀವ್ರವಾಗಿ ಸ್ಪಂದಿಸುತ್ತಾರೆಂದರೆ ಮರುದಿನದ ಪಿರಿಯಡ್ ಒಂದನ್ನು ಚರ್ಚೆಗೆಂದೇ ಇಟ್ಟುಕೊಳ್ಳಬೇಕು. ಇಂಗ್ಲಿಷ್ ಚೆನ್ನಾಗಿ ಬರುವ ಗುಂಪಾದರೆ '12 ಆಂಗ್ರಿ ಮೆನ್' (1957). 96 ನಿಮಿಷ, ಹೆಚ್ಚು ಕಡಿಮೆ ಒಂದೇ ಕೋಣೆ. ಸಾಮಾನ್ಯ ನಾಗರಿಕರೇ ಕೂತು ತೀರ್ಪು ಹೇಳುವ ಜ್ಯೂರಿ ಪದ್ಧತಿ ನಮ್ಮ ಕೋರ್ಟುಗಳಲ್ಲಿ ಈಗಿಲ್ಲ, ಅದನ್ನು ಮೊದಲು ಐದು ನಿಮಿಷ ವಿವರಿಸಿ. ನಡುವೆ ಒಮ್ಮೆ ನಿಲ್ಲಿಸಿ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಮಕ್ಕಳಿಂದಲೇ ಕೈಯೆತ್ತಿಸಿ ಮತ ಹಾಕಿಸಿ, ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದಿಡಿ. ಚಿತ್ರ ಮುಗಿದಾಗ ಮತ್ತೊಮ್ಮೆ ಹಾಕಿಸಿ.